ದಿವಾನ್ ಮಿರ್ಜಾ ಇಸ್ಮಾಯಿಲ್: ಕಡೂರು, ತರೀಕೆರೆ, ಅಜ್ಜಂಪುರದ ತರಗತಿಗಳಿಗೆ ಒಂದು ಜೀವನಪಾಠ

ಮೈಸೂರು ಸಂಸ್ಥಾನದ ಘಟಕ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ದಿವಾನರನ್ನು ಪಟ್ಟಿ ಮಾಡಿ ಕಲಿಸುತ್ತಾರೆ. ಹಲಗೆಯ ಎಡಕ್ಕೆ ಹೆಸರು, ಬಲಕ್ಕೆ ಅಣೆಕಟ್ಟು, ಕಾರ್ಖಾನೆ, ಬ್ಯಾಂಕು. ಮಿರ್ಜಾ ಇಸ್ಮಾಯಿಲರ ಪಾಲಿಗೆ ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೃಂದಾವನದ ಕಾರಂಜಿ ಬರುತ್ತವೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಇತಿಹಾಸ ಬೋಧನೆಯ ಮೇಲ್ವಿಚಾರಕನಾಗಿ ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ಈ ಪಾಠವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಟ್ಟಿ ಮುಗಿದ ಮೇಲೂ ಆ ಮನುಷ್ಯ ಯಾರು, ಅವನ ಕೈಯಲ್ಲಿದ್ದ ಅಧಿಕಾರ ಎಲ್ಲಿಂದ ಬಂತು, ಅದು ಎಲ್ಲಿ ಸೋತಿತು ಎಂಬುದು ಹೊರಗೇ ಉಳಿದಿರುತ್ತದೆ. ಹಾಗಾಗಿ ಈ ಜೀವನಚರಿತ್ರೆಯನ್ನು ನಾನು ಎರಡು ಅವಧಿಗಳಲ್ಲಿ ಹೇಗೆ ಕಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೂರ್ವಜ್ಞಾನಕ್ಕೆ ನಮ್ಮ ಮೂರು ಊರುಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಆಗ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನಲ್ಲಿತ್ತು, ಹೆಸರು ಮಾತ್ರ ಕಡೂರಿನದು. 1947ರಲ್ಲಿ ಅದು ಬದಲಾಯಿತು. ಕಡೂರಿನ ಮಕ್ಕಳಿಗೆ ಇದನ್ನು ಹೇಳಿದರೆ ಇಡೀ ತರಗತಿ ನೆಟ್ಟಗೆ ಕುಳಿತುಕೊಳ್ಳುತ್ತದೆ. ತರೀಕೆರೆಯ ಮಕ್ಕಳಿಗೆ ಕೆಮ್ಮಣ್ಣುಗುಂಡಿ ಪ್ರವಾಸದ ಜಾಗ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಬೆಟ್ಟ ಅದೇ, ಭದ್ರಾವತಿಯ ಕುಲುಮೆಗೆ ಅದಿರು ಕೊಟ್ಟ ಬೆಟ್ಟವೂ ಅದೇ. ಅದಿರು ರೋಪ್‌ವೇಯಲ್ಲಿ ಕೆಳಗಿಳಿದು ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ ಹೋಗುತ್ತಿತ್ತು ಎಂದರೆ ನಂಬದ ಮಕ್ಕಳೂ ಉಂಟು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಕೇಂದ್ರವಿದೆ. ಅಲ್ಲಿನ ಮಕ್ಕಳಿಗೆ ಕಾವಲು ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ, ಅರಸರ ಸರ್ಕಾರ ಎಂಬುದು ತಮ್ಮ ಊರಿನ ಹುಲ್ಲುಗಾವಲಿನವರೆಗೂ ಬಂದಿತ್ತು ಎಂಬುದು ಅವರಿಗೆ ಮನೆಯಲ್ಲೇ ಗೊತ್ತಿರುತ್ತದೆ. ಈ ಮೂರರಲ್ಲಿ ಆಯಾ ಊರಿನದನ್ನು ಹಿಡಿದು ಪಾಠ ಆರಂಭಿಸಿದರೆ ಸಾಕು.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ. ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ಪಟ್ಟಣದಿಂದ ಬಂದ ಕುದುರೆ ವ್ಯಾಪಾರಿ. ಮೈಸೂರು ಅರಸರಿಗೂ ಬ್ರಿಟಿಷ್ ಸೇನೆಗೂ ಕುದುರೆ ಮಾರಿ, ಬೆಂಗಳೂರಿನಲ್ಲೇ ನೆಲೆಸಿ, ಬಂಗಲೆಗಳನ್ನು ಕಟ್ಟಿಸಿದರು. ಅವರ ಹೆಸರಿನ ರಸ್ತೆ ಇಂದಿಗೂ ಆ ನಗರದಲ್ಲಿದೆ. ತಂದೆ ಅಗಾ ಜಾನ್ ಅರಮನೆಯ ಸೇವೆಯಲ್ಲಿದ್ದರು. ಆ ಬಾಂಧವ್ಯದಿಂದಲೇ ಬಾಲಕ ಮಿರ್ಜಾಗೆ ಮೈಸೂರಿನ ರಾಯಲ್ ಸ್ಕೂಲಿನಲ್ಲಿ ಜಾಗ ಸಿಕ್ಕಿತು. ಅಲ್ಲಿ ಓದುತ್ತಿದ್ದವರು ಬೆರಳೆಣಿಕೆಯ ಹುಡುಗರು. ಅವರಲ್ಲೊಬ್ಬ, ಇವರಿಗಿಂತ ಒಂದು ವರ್ಷಕ್ಕೆ ಕಿರಿಯ, ಹತ್ತನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು ಪಟ್ಟಕ್ಕೆ ಬಂದ ಕೃಷ್ಣರಾಜ ಒಡೆಯರು. ತಾಯಿ ವಾಣಿವಿಲಾಸ ಸನ್ನಿಧಾನ ರಾಜಪ್ರತಿನಿಧಿಯಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲ ಅದು. ಸ್ಟುವರ್ಟ್ ಫ್ರೇಸರ್ ಎಂಬ ಐ.ಸಿ.ಎಸ್. ಅಧಿಕಾರಿ ಈ ಮಕ್ಕಳ ಶಿಕ್ಷಕ.

ಇಲ್ಲಿ ನಾನು ಒಂದು ನಿಮಿಷ ನಿಲ್ಲುತ್ತೇನೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗರ ಸ್ನೇಹ ಮುಂದಿನ ನಲವತ್ತು ವರ್ಷ ಒಂದು ರಾಜ್ಯದ ಆಡಳಿತದ ಬುನಾದಿಯಾಯಿತು. ಮಕ್ಕಳಿಗೆ ಇದು ಕಥೆಯಂತೆ ಹಿಡಿಸುತ್ತದೆ, ಹಿಡಿಸಲಿ. ಇದರ ಇನ್ನೊಂದು ಮುಖ ಎರಡನೆಯ ಅವಧಿಗೆ ಬೇಕಾಗುತ್ತದೆ.

1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಮಿರ್ಜಾ ಸಂಸ್ಥಾನದ ನೌಕರಿಗೆ ಸೇರಿದರು. ಮೊದಲು ಸ್ವಲ್ಪ ಕಾಲ ಪೊಲೀಸ್ ಇಲಾಖೆ, ಆಮೇಲೆ ಅರಮನೆಯ ಕಚೇರಿ. 1914ರಲ್ಲಿ ಹುಜೂರ್ ಸೆಕ್ರೆಟರಿ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿ. ವಿಶ್ವೇಶ್ವರಯ್ಯ, ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ ಈ ಮೂವರು ದಿವಾನರ ಕಾಲವನ್ನೂ ಅವರು ಅರಸರ ಪಕ್ಕದ ಕೋಣೆಯಿಂದ ಕಂಡವರು. 1926ರ ಮೇ ತಿಂಗಳಲ್ಲಿ ಅವರೇ ದಿವಾನರಾದರು, ಆಗ ವಯಸ್ಸು ನಲವತ್ತೆರಡು. ಹದಿನೈದು ವರ್ಷ ಆ ಸ್ಥಾನದಲ್ಲಿದ್ದರು.

ಅವರ ರಾಜತಾಂತ್ರಿಕ ಕೆಲಸ ನಮ್ಮ ಪಾಠಗಳಲ್ಲಿ ಬರುವುದೇ ಇಲ್ಲ, ಪಾಠದ ತಿರುಳು ಇರುವುದು ಅಲ್ಲೇ. ಸಂಸ್ಥಾನದ ದಿವಾನ ಎಂದರೆ ಒಳಗೆ ಆಡಳಿತಗಾರ, ಹೊರಗೆ ರಾಯಭಾರಿ. ಮೈಸೂರಿಗೆ ಸ್ವತಂತ್ರ ವಿದೇಶಾಂಗ ನೀತಿ ಇರಲಿಲ್ಲ. ಬ್ರಿಟಿಷ್ ರೆಸಿಡೆಂಟ್ ಬೆಂಗಳೂರಿನಲ್ಲೇ ಕುಳಿತಿದ್ದ. ಇದ್ದ ಒಂದೇ ದಾರಿ ಮಾತು, ಪತ್ರ, ಔತಣ, ಸ್ನೇಹ. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕಟ್ಟುತ್ತಿತ್ತು. ಅದು ಮೊದಲು ಇಪ್ಪತ್ತನಾಲ್ಕೂವರೆ ಲಕ್ಷವಿತ್ತು, 1896ರಿಂದ ಹತ್ತೂವರೆ ಲಕ್ಷ ಹೆಚ್ಚಾಗಿತ್ತು. ಇದನ್ನು ಇಳಿಸಬೇಕೆಂದು ಮೈಸೂರು ಬಹುಕಾಲದಿಂದ ಕೇಳುತ್ತಲೇ ಇತ್ತು. 1927ರಲ್ಲಿ, ಅರಸರು ಆಳ್ವಿಕೆ ವಹಿಸಿಕೊಂಡ ಇಪ್ಪತ್ತೈದನೆಯ ವರ್ಷದಲ್ಲಿ, ವೈಸರಾಯ್ ಇರ್ವಿನ್ ಆ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟರು. ಕೃಷ್ಣರಾಜಸಾಗರದಿಂದ ಮಂಡ್ಯದ ಕಡೆಗೆ ಹರಿದ ನಾಲೆಗೆ ಆಗ ಇರ್ವಿನ್ ಹೆಸರು ಏಕೆ ಬಂತು ಎಂದು ಮಕ್ಕಳನ್ನು ಕೇಳಿ ನೋಡಿ. ಆ ನಾಲೆ ಈಗ ವಿಶ್ವೇಶ್ವರಯ್ಯ ನಾಲೆ. ಹೊಗಳಿಕೆಗೂ ಹಣದ ಲೆಕ್ಕಕ್ಕೂ ಇರುವ ನಂಟನ್ನು ಎಂಟನೆಯ ತರಗತಿಯ ಮಕ್ಕಳು ಬೇಗ ಹಿಡಿಯುತ್ತಾರೆ.

ಅದೇ 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ, ಬಳಿಕ ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆದರು. ಸಂಸ್ಥಾನ ಅವರನ್ನು ಅತಿಥಿಯಂತೆ ನೋಡಿಕೊಂಡಿತು. ವೈಸರಾಯರೊಡನೆ ಊಟ, ಗಾಂಧೀಜಿಯೊಡನೆ ಸ್ನೇಹ, ಎರಡನ್ನೂ ಒಂದೇ ವರ್ಷದಲ್ಲಿ ನಿಭಾಯಿಸುವುದು ಸಣ್ಣ ಜಾಣ್ಮೆಯಲ್ಲ.

1930ರಿಂದ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಸಮ್ಮೇಳನಗಳಿಗೆ ಮಿರ್ಜಾ ಮೈಸೂರು ಮತ್ತು ದಕ್ಷಿಣದ ಇನ್ನು ಕೆಲವು ಸಂಸ್ಥಾನಗಳ ಪರವಾಗಿ ಹೋದರು. ಬ್ರಿಟಿಷ್ ಪ್ರಾಂತಗಳೂ ಸಂಸ್ಥಾನಗಳೂ ಸೇರಿದ ಒಂದು ಒಕ್ಕೂಟ ಆಗಬೇಕೆಂಬುದು ಅವರ ವಾದ. 1935ರ ಕಾಯಿದೆಯಲ್ಲಿ ಒಕ್ಕೂಟದ ಏರ್ಪಾಡು ಬಂತು, ಆದರೆ ಸಾಕಷ್ಟು ಅರಸರು ಸೇರಲಿಲ್ಲ. ಅದು ಕಾಗದದಲ್ಲೇ ಉಳಿಯಿತು. ಈ ಭಾಗವನ್ನು ಪ್ರೌಢಶಾಲೆಯಲ್ಲಿ ನಾನು ಎರಡು ವಾಕ್ಯಗಳಲ್ಲಿ ದಾಟಿಬಿಡುತ್ತೇನೆ.

ಕಾರ್ಖಾನೆಗಳ ವಿಷಯದಲ್ಲಿ ಪಟ್ಟಿಯನ್ನು ಬಿಟ್ಟು ಭದ್ರಾವತಿಯೊಂದನ್ನೇ ತೆಗೆದುಕೊಳ್ಳುವುದು ಮೇಲು. ತರೀಕೆರೆಯಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಸಿಗುವ ಊರು. ಕಬ್ಬಿಣದ ಕೆಲಸ ವಿಶ್ವೇಶ್ವರಯ್ಯನವರ ಕನಸು. 1923ರಲ್ಲಿ ಕುಲುಮೆ ಉರಿಯಿತು. ಆರಂಭದ ವರ್ಷಗಳಲ್ಲಿ ಅದು ನಷ್ಟದ ಬಾಬತ್ತು. ಮಿರ್ಜಾ ಕಾಲದಲ್ಲಿ ಅದರ ಸುತ್ತ ಉಕ್ಕು, ಸಿಮೆಂಟು, ಕಾಗದ ಒಂದೊಂದಾಗಿ ಬೆಳೆದವು. ಹಿಂದಿನವರು ಹಾಕಿದ ಬುನಾದಿಯ ಮೇಲೆ ಮುಂದಿನವರು ಕಟ್ಟುವುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದು. 1940ರಲ್ಲಿ ವಾಲಚಂದ್ ಹೀರಾಚಂದರ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಗೆ ಸಂಸ್ಥಾನ ಬಂಡವಾಳ ಹಾಕಿತು. ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡ ಓಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಬಂದದ್ದೂ ಇದೇ ಕಾಲದಲ್ಲಿ.

ಊರನ್ನು ಚೊಕ್ಕಟವಾಗಿಡುವುದು ಮಿರ್ಜಾಗೆ ಗೀಳಿನಂತಿತ್ತು. ಬೆಳಗ್ಗೆ ಕುದುರೆ ಏರಿ ಬೆಂಗಳೂರಿನ ಬೀದಿ ಸುತ್ತುವುದು, ಚರಂಡಿ, ಬೇಲಿ, ಹೂವಿನ ಮಡಿ, ದೀಪದ ಕಂಬ ನೋಡುವುದು, ಅಲ್ಲೇ ಆಜ್ಞೆ ಕೊಡುವುದು ಅವರ ರೂಢಿ. ಬಡವರ ಹೊಟ್ಟೆಗಿಂತ ಅವರಿಗೆ ಹೂದೋಟವೇ ಹೆಚ್ಚು ಎಂದು ಆಗಲೇ ಟೀಕಿಸಿದವರಿದ್ದರು. ಅದರಲ್ಲಿ ಸ್ವಲ್ಪ ನಿಜವಿದೆ ಎಂದು ನನ್ನ ಎಣಿಕೆ. ಆದರೆ ಬೀದಿದೀಪ ಇಲ್ಲದ ಊರಿನಲ್ಲಿ ದೀಪದ ಕಂಬ ಅಲಂಕಾರವಲ್ಲ. ಅಜ್ಜಂಪುರದ ಒಬ್ಬ ಹುಡುಗಿ ಇದನ್ನು ನನಗಿಂತ ಚೆನ್ನಾಗಿ ವಾದಿಸಿದಳು.

ಮೊದಲ ಅವಧಿ ಇಷ್ಟಕ್ಕೆ ಮುಗಿಯುತ್ತದೆ. ಎರಡನೆಯದು ಕಷ್ಟದ್ದು, ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಅದನ್ನು ಬಿಟ್ಟುಬಿಡಲು ಬಯಸುತ್ತಾರೆ.

1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಗಲಭೆಯಾಯಿತು. ಕಾರಣ ಒಂದು ಸರ್ಕಾರಿ ಶಾಲೆಯ ಆವರಣದ ಗಣಪತಿ. ವಿದ್ಯಾರ್ಥಿಗಳು ಬೀದಿಗಿಳಿದರು, ಜಗಳ ಎರಡು ಮತಗಳ ನಡುವೆ ಹಬ್ಬಿತು. ದಿವಾನರು ಮುಸ್ಲಿಮರಾದ್ದರಿಂದಲೇ ಹೀಗಾಯಿತೆಂಬ ಆರೋಪ ಬಂತು, ಸರ್ಕಾರವನ್ನು ಟೀಕಿಸಿದ ಪತ್ರಿಕೆಗಳ ಮೇಲೆ ಕ್ರಮವೂ ನಡೆಯಿತು. ವಿಚಾರಣೆಗೆ ನೇಮಿಸಿದ ಸಮಿತಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು. ಅವರು ಗಲಭೆಯ ಕಾರಣಗಳನ್ನಷ್ಟೇ ಹೇಳಿ ಸುಮ್ಮನಾಗದೆ, ಆಡಳಿತ ಜನರಿಗೆ ಹೊಣೆಯಾಗಬೇಕೆಂಬ ಕಡೆಗೂ ಬೆರಳು ತೋರಿದರು. ಮಹಾರಾಜರು ಮಾತ್ರ ತಮ್ಮ ದಿವಾನನನ್ನು ಬಿಟ್ಟುಕೊಡಲಿಲ್ಲ. ಈ ಭಾಗ ಕಲಿಸುವಾಗ ತರಗತಿಯಲ್ಲಿ ಎಲ್ಲ ಮತದ ಮಕ್ಕಳೂ ಇರುತ್ತಾರೆಂಬುದನ್ನು ಮರೆಯಬಾರದು. ಮರೆಯಬಾರದೆಂದರೆ ಮುಚ್ಚಿಡಬೇಕೆಂದಲ್ಲ. ಘಟನೆಯನ್ನು ಕ್ರಮವಾಗಿ, ವಿಶೇಷಣಗಳಿಲ್ಲದೆ ಹೇಳಿದರೆ ಮಕ್ಕಳು ಶಾಂತವಾಗಿ ಕೇಳುತ್ತಾರೆ. ತಡವರಿಸಿದರೆ ಅವರಿಗೆ ಅನುಮಾನ ಬರುತ್ತದೆ.

ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ತಾಲ್ಲೂಕುಗಳಿಂದ ಪ್ರತಿನಿಧಿಗಳು ಹೋಗಿ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು. ದಿವಾನರು ಅಧ್ಯಕ್ಷತೆ ವಹಿಸಿ ಉತ್ತರ ಕೊಡುತ್ತಿದ್ದರು. ಆದರೆ ಸಭೆಗೆ ದಿವಾನನನ್ನು ಇಳಿಸುವ ಅಧಿಕಾರ ಇರಲಿಲ್ಲ. ಅವನು ಹೊಣೆಯಾಗಿದ್ದದ್ದು ಅರಸನಿಗೆ ಮಾತ್ರ. ಇದನ್ನು ಮಕ್ಕಳಿಗೆ ತಿಳಿಸಲು ನಾನು ಗ್ರಾಮ ಪಂಚಾಯಿತಿಯ ಹೋಲಿಕೆ ಬಳಸುತ್ತೇನೆ. ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದರೆ ಏನಾಗುತ್ತದೆಂದು ಕಡೂರಿನ ಸುತ್ತಲಿನ ಹಳ್ಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಅವಿಶ್ವಾಸ ಮಂಡಿಸಲು ಸಾಧ್ಯವೇ ಇಲ್ಲದ ಪಂಚಾಯಿತಿಯನ್ನು ಊಹಿಸಿಕೊಳ್ಳಿ ಎಂದರೆ ಹೊಣೆಗಾರಿಕೆ ಎಂಬ ಕಠಿಣ ಪದ ತಾನೇ ಸಡಿಲವಾಗುತ್ತದೆ. ಶಾಲೆಯ ಬೆಂಚಿನ ಸ್ನೇಹದ ಇನ್ನೊಂದು ಮುಖ ಇದೇ. ಅರಸ ಮತ್ತು ದಿವಾನ ಪರಸ್ಪರ ನಂಬಿದರೆ ಕೆಲಸ ಬೇಗ ನಡೆಯುತ್ತದೆ. ಮೂರನೆಯವನಿಗೆ, ಎಂದರೆ ಪ್ರಜೆಗೆ, ಆ ಕೋಣೆಯಲ್ಲಿ ಕುರ್ಚಿ ಇರುವುದಿಲ್ಲ.

1937ರ ಹೊತ್ತಿಗೆ ಸಂಸ್ಥಾನದಲ್ಲಿ ಕಾಂಗ್ರೆಸ್ ಬಲಗೊಂಡಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಎರಡು ವಾರದೊಳಗೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು ಮಂದಿ. ಜನರ ಲೆಕ್ಕ ಮೂವತ್ತನ್ನು ದಾಟುತ್ತದೆ. ಹಲಗೆಯ ಮೇಲೆ ನಾನು ಎರಡು ಸಂಖ್ಯೆಗಳನ್ನೂ ಬರೆಯುತ್ತೇನೆ, ಒಂದನ್ನೂ ಅಳಿಸುವುದಿಲ್ಲ. ಏಕೆ ಎರಡು ಲೆಕ್ಕ ಎಂದು ಮಕ್ಕಳೇ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿದರೆ ಆಧಾರಗಳ ಪಾಠ ಅರ್ಧ ಮುಗಿದಂತೆ.

ತರೀಕೆರೆಯ ಒಂದು ಹತ್ತನೆಯ ತರಗತಿಯಲ್ಲಿ ಹುಡುಗನೊಬ್ಬ ಎದ್ದು, ಇಷ್ಟೆಲ್ಲ ಒಳ್ಳೆಯದು ಮಾಡಿದವರ ಕಾಲದಲ್ಲಿ ಗುಂಡು ಹೇಗೆ ಹಾರಿತು ಎಂದು ಕೇಳಿದ. ಪಾಠ ಹೇಳುತ್ತಿದ್ದ ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದೆ. ಅವಳು ಸ್ವಲ್ಪ ಯೋಚಿಸಿ, ಕಾರ್ಖಾನೆ ಕಟ್ಟುವುದಕ್ಕೆ ಯಾರ ಒಪ್ಪಿಗೆ ಬೇಕಿತ್ತು, ಧ್ವಜ ಹಾರಿಸುವುದಕ್ಕೆ ಯಾರ ಒಪ್ಪಿಗೆ ಬೇಕಿತ್ತು ಎಂದು ತಿರುಗಿ ಕೇಳಿದಳು. ತರಗತಿಯೇ ಉತ್ತರ ಕಂಡುಕೊಂಡಿತು: ಎರಡಕ್ಕೂ ಒಂದೇ ಕೋಣೆಯಿಂದ. ಅಂದಿನ ಅವಲೋಕನ ಹಾಳೆಯಲ್ಲಿ ನಾನು ಅವಳಿಗೆ ಪೂರ್ಣ ಅಂಕ ಕೊಟ್ಟೆ.

ಗುಂಡಿನ ಸುದ್ದಿ ದೇಶವನ್ನೆಲ್ಲ ಮುಟ್ಟಿತು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿ ಬೆಂಗಳೂರಿಗೆ ಬಂದು ಮಿರ್ಜಾ ಜೊತೆ ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು, ಬಂಧಿತರ ಬಿಡುಗಡೆಯಾಯಿತು, ಹೊಣೆಗಾರಿಕೆಯ ಸರ್ಕಾರದ ಪ್ರಶ್ನೆ ಸುಧಾರಣಾ ಸಮಿತಿಯ ಮುಂದೆ ಬಂತು. ವೈಸರಾಯರನ್ನು ಮಾತಿನಿಂದ ಗೆಲ್ಲಬಲ್ಲ ಮನುಷ್ಯ ತನ್ನ ಊರಿನವರೊಡನೆ ಮೇಜಿಗೆ ಕುಳಿತದ್ದು ಗುಂಡು ಹಾರಿದ ಮೇಲೆ. ಈ ಜೀವನಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಈ ತಡ. ಸುಧಾರಣೆಗಳು ಬಂದವು, ಹೊಣೆಗಾರಿಕೆಯ ಸರ್ಕಾರ ಮಾತ್ರ ಬರಲಿಲ್ಲ. ಅದು ಬಂದದ್ದು 1947ರ ಅಕ್ಟೋಬರಿನಲ್ಲಿ, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ, ಅಷ್ಟರಲ್ಲಿ ಮಿರ್ಜಾ ಮೈಸೂರು ಬಿಟ್ಟು ಆರು ವರ್ಷವಾಗಿತ್ತು.

ಇಲ್ಲೊಂದು ಎಚ್ಚರಿಕೆ. ನಮ್ಮ ಕಡೆಯ ಮಕ್ಕಳಿಗೆ ಶಿಕಾರಿಪುರ ತಾಲ್ಲೂಕಿನ ಈಸೂರು ಚೆನ್ನಾಗಿ ಗೊತ್ತು. ಅದನ್ನೂ ಮಿರ್ಜಾ ಕಾಲಕ್ಕೆ ಸೇರಿಸಿಬಿಡುತ್ತಾರೆ. ಈಸೂರಿನ ಹೋರಾಟ 1942ರದು. ನಾಲ್ವಡಿಯವರು 1940ರ ಆಗಸ್ಟ್ 3ರಂದು ತೀರಿಕೊಂಡಿದ್ದರು. ಜಯಚಾಮರಾಜ ಒಡೆಯರ ಕಾಲದಲ್ಲಿ ಭಿನ್ನಾಭಿಪ್ರಾಯ ಬಂದು 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು, ಎನ್. ಮಾಧವರಾಯರು ದಿವಾನರಾದರು. ಗೆಳೆಯ ಅರಸನಿಲ್ಲದ ಅರಮನೆಯಲ್ಲಿ ಹದಿನೈದು ವರ್ಷದ ದಿವಾನ ಒಂದು ವರ್ಷವೂ ಪೂರ್ತಿ ನಿಲ್ಲಲಿಲ್ಲ ಎಂಬುದನ್ನು ಕಾಲರೇಖೆಯ ಮೇಲೆ ಗುರುತಿಸಿದರೆ ಮಕ್ಕಳ ಗೊಂದಲವೂ ಹೋಗುತ್ತದೆ, ಆ ಅಧಿಕಾರದ ಬೇರು ಎಲ್ಲಿತ್ತೆಂಬುದೂ ಕಾಣುತ್ತದೆ.

1942ರಲ್ಲಿ ಅವರು ಜೈಪುರದ ಪ್ರಧಾನಮಂತ್ರಿಯಾದರು. ಆ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಎದ್ದಾಗ, ಹಿಂದೆ ವಿದುರಾಶ್ವತ್ಥದಲ್ಲಿ ಆಗದೇ ಹೋದದ್ದು ಇಲ್ಲಿ ಆಯಿತು. ಅವರು ಮೊದಲೇ ಪ್ರಜಾಮಂಡಲದ ನಾಯಕ ಹೀರಾಲಾಲ್ ಶಾಸ್ತ್ರಿಯವರೊಡನೆ ಒಪ್ಪಂದಕ್ಕೆ ಬಂದರು. ಸಭೆ ಮೆರವಣಿಗೆಗಳಿಗೆ ಅಡ್ಡಿಯಿಲ್ಲ, ಪ್ರತಿಯಾಗಿ ನೇರ ಹೋರಾಟವಿಲ್ಲ. ಇದನ್ನು ಒಪ್ಪದ ಕಾರ್ಯಕರ್ತರು ಆಜಾದ್ ಮೋರ್ಚಾ ಎಂದು ಬೇರೆಯಾಗಿ ಹೋರಾಟಕ್ಕಿಳಿದರು. ಅವರ ದೃಷ್ಟಿಯಲ್ಲಿ ಇದು ಚಳವಳಿಯನ್ನು ನಯವಾಗಿ ತಣಿಸುವ ಉಪಾಯ. ಅವರ ಮಾತನ್ನೂ ಮಕ್ಕಳಿಗೆ ಹೇಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, 1938ರ ನೆನಪು ಅವರ ಕೈಯನ್ನು ಇಲ್ಲಿ ತಡೆದಿರಬೇಕು. ಜೈಪುರದಲ್ಲಿ ಎರಡು ಸಭೆಗಳ ಶಾಸಕಾಂಗವೂ ಅವರ ಕಾಲದಲ್ಲಿ ಬಂತು. ಆ ನಗರದ ದೊಡ್ಡ ಪೇಟೆಬೀದಿಗೆ ಈಗಲೂ ಅವರದೇ ಹೆಸರು. ಜನ ಅದನ್ನು ಎಂ.ಐ. ರೋಡ್ ಎನ್ನುತ್ತಾರೆ, ಎಂ.ಐ. ಎಂದರೆ ಯಾರೆಂದು ನಮ್ಮ ಪ್ರವಾಸಿಗರಲ್ಲಿ ಎಷ್ಟೋ ಮಂದಿಗೆ ತಿಳಿಯದು.

1946ರಲ್ಲಿ ಹೈದರಾಬಾದು. ಈ ಭಾಗವನ್ನು ನಾನು ಹಲಗೆಯ ಮೇಲೆ ಮೈಸೂರಿನ ಎದುರಿಗೆ ಬರೆಯುತ್ತೇನೆ. ಮೈಸೂರಿನಲ್ಲಿ ಹಿಂದೂ ಅರಸ, ಮುಸ್ಲಿಂ ದಿವಾನ, ನಡುವೆ ಬಾಲ್ಯದ ನಂಬಿಕೆ. ಹೈದರಾಬಾದಿನಲ್ಲಿ ಅರಸನೂ ಮುಸ್ಲಿಂ, ಪ್ರಧಾನಿಯೂ ಮುಸ್ಲಿಂ, ನಡುವೆ ಏನೂ ಇಲ್ಲ. ಮಿರ್ಜಾ ದೇಶವಿಭಜನೆಯನ್ನು ಒಪ್ಪದವರು, ಭಾರತದೊಡನೆ ರಾಜಿಯಾಗುವುದೇ ನಿಜಾಮರಿಗೆ ಕ್ಷೇಮ ಎಂದು ನಂಬಿದವರು. ಇತ್ತೇಹಾದ್ ಪಕ್ಷದವರು ಅವರನ್ನು ಮೊದಲ ದಿನದಿಂದ ವಿರೋಧಿಸಿದರು, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬೆನ್ನಿಗೆ ನಿಲ್ಲಲಿಲ್ಲ. ವರ್ಷ ತುಂಬುವ ಮೊದಲೇ, 1947ರಲ್ಲಿ, ರಾಜೀನಾಮೆ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಒಳಗೆ ಹೋಗುವವರೆಗೆ ಅಲ್ಲಿ ಏನೇನಾಯಿತೆಂಬುದು ಬೀದರ್, ಕಲಬುರಗಿ, ರಾಯಚೂರಿನ ಹಿರಿಯರ ಮನೆಗಳಲ್ಲಿ ಇನ್ನೂ ಹೇಳುವ ಕಥೆ. ಜಾಣ್ಮೆ ಅದೇ, ಮನುಷ್ಯ ಅದೇ. ಕೇಳುವ ಅರಸ ಇರಲಿಲ್ಲ. ಒಂದೇ ಮತದವರಾದರೆ ಹೊಂದಾಣಿಕೆ ಸುಲಭ ಎಂಬ ಊಹೆಯನ್ನು ಮಕ್ಕಳು ಈ ಎರಡು ಕಾಲಂ ನೋಡಿ ತಾವೇ ಕೈಬಿಡುತ್ತಾರೆ.

ಉಳಿದದ್ದನ್ನು ಬೇಗ ಹೇಳಬಹುದು. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ, ಡಚ್ಚರಿಂದ ಆಗಷ್ಟೇ ಬಿಡುಗಡೆಯಾದ ಇಂಡೋನೇಷ್ಯಾಕ್ಕೆ ಹೋದರು. ಅರವತ್ತಾರರ ವಯಸ್ಸಿನಲ್ಲಿ, ಅರಸರೇ ಇಲ್ಲದ ಹೊಸ ಗಣರಾಜ್ಯದಲ್ಲಿ, ಅದೇ ಆಡಳಿತದ ಅನುಭವ ಬೇರೆ ಕೆಲಸಕ್ಕೆ ಬಂತು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಧಿಕಾರಿಯೊಬ್ಬ ತನ್ನ ಬಗ್ಗೆ ತಾನೇ ಬರೆದದ್ದನ್ನು ಆಧಾರವಾಗಿ ಬಳಸುವಾಗ ಏನು ಎಚ್ಚರ ಬೇಕೆಂಬುದನ್ನು ಪ್ರಶಿಕ್ಷಣಾರ್ಥಿಗಳು ನನ್ನೊಡನೆ ಚರ್ಚಿಸಲಿ, ಮಕ್ಕಳಿಗೆ ಅದು ಈಗಲೇ ಬೇಡ. 1959ರ ಜನವರಿ 5ರಂದು ಮಿರ್ಜಾ ಬೆಂಗಳೂರಿನಲ್ಲಿ ತೀರಿಕೊಂಡರು.

ಎರಡನೆಯ ಅವಧಿಯಲ್ಲಿ ಭೂಪಟಕ್ಕೆಂದು ಐದು ನಿಮಿಷ ಉಳಿಸಿಕೊಳ್ಳಬೇಕು. ಶಿರಾಜ್, ಮೈಸೂರು, ಲಂಡನ್, ಜೈಪುರ, ಹೈದರಾಬಾದ್, ಜಕಾರ್ತಾ ಗುರುತಿಸಿದ ಮೇಲೆ ವಿದುರಾಶ್ವತ್ಥವನ್ನು ಹುಡುಕಲು ಹೇಳಿ. ಶಾಲೆಯ ಗೋಡೆಯ ಭೂಪಟದಲ್ಲಿ ಅದು ಸಿಗುವುದಿಲ್ಲ. ಗೌರಿಬಿದನೂರಿನ ಪಕ್ಕದಲ್ಲಿ ಮಕ್ಕಳೇ ಚುಕ್ಕೆ ಇಡಬೇಕಾಗುತ್ತದೆ.